ಮಾವನ ಕಾಲಿಗೆ ಬೆಳ್ಳುಳ್ಳಿ

ಮೊನ್ನೆ ಒಂದು ವಾರಪತ್ರಿಕೆಯ ಆರೋಗ್ಯದ ಪುಟದಲ್ಲಿ ಹಸಿ ಬೆಳ್ಳುಳ್ಳಿಯ ಗುಣಗಾನ ಬಂದಿತ್ತು. ಗಂಟಲು ಕೆಟ್ಟರೆ ಬೆಳ್ಳುಳ್ಳಿ, ಕಿವಿ ಸೋರಿದರೆ ಬೆಳ್ಳುಳ್ಳಿ, ಉಗುರುಸುತ್ತಿಗೆ ಬೆಳ್ಳುಳ್ಳಿ, ಕೀವಾದ ಗಾಯಕ್ಕೆ ಬೆಳ್ಳುಳ್ಳಿ. ಬರೆದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರು ಅದನ್ನು ಅರೆದು ಯಾರ ಮೈಗೂ ಹಚ್ಚಿದವರಲ್ಲ ಎಂಬುದು ಓದಿದ ಕೂಡಲೇ ತಿಳಿಯಿತು. ಹಚ್ಚಿದವರಾಗಿದ್ದರೆ ಒಂದು ಮುಖ್ಯ ಸಂಗತಿಯನ್ನು ಖಂಡಿತ ಬಿಡುತ್ತಿರಲಿಲ್ಲ. ಆ ಸಂಗತಿ ನನಗೆ ಗೊತ್ತಾದದ್ದು ಹದಿನೇಳನೆಯ ವಯಸ್ಸಿನಲ್ಲಿ, ದೇವಸ್ಥಾನದ ಅಂಗಳದಲ್ಲಿ, ಊರವರೆಲ್ಲರ ಎದುರಿಗೆ. ಕೇಳುವ ತಾಳ್ಮೆ ನಿಮಗಿದ್ದರೆ ಹೇಳುತ್ತೇನೆ. ಇಲ್ಲದಿದ್ದರೂ ಹೇಳುತ್ತೇನೆ, ಈ ವಯಸ್ಸಿನಲ್ಲಿ ನನ್ನ ಬಾಯಿ ಮುಚ್ಚಿಸುವವರು ಯಾರೂ ಉಳಿದಿಲ್ಲ.

ನಾನು ಹುಟ್ಟಿದ್ದು ಶಂಕರನಾರಾಯಣದ ಹತ್ತಿರ, ಮದುವೆಯಾಗಿ ಬಂದದ್ದು ಕೋಟದ ಬದಿಯ ಒಂದು ಹಳ್ಳಿಗೆ. ಎರಡೂ ಕಡೆ ನೀರುಳ್ಳಿ, ಬೆಳ್ಳುಳ್ಳಿ ಹೊಸಿಲು ದಾಟದ ಮನೆಗಳು. ಸಾರಿಗೆ ಇಂಗು, ಹುಳಿಗೆ ಇಂಗು, ಹೊಟ್ಟೆನೋವಿಗೂ ಇಂಗು. ನಾನು ಬೆಳ್ಳುಳ್ಳಿಯನ್ನು ಮೊದಲು ಕಂಡದ್ದು ಎಂಟೊಂಬತ್ತು ವರ್ಷದವಳಿದ್ದಾಗ, ಕುಂದಾಪುರದ ಒಂದು ಅಂಗಡಿಯಲ್ಲಿ. ಗೊಂಚಲು ಕಟ್ಟಿ ಮಾಡಿಗೆ ತೂಗುಹಾಕಿದ್ದರು. ಯಾವುದೋ ಬಿಳಿ ಹೂವಿನ ಮೊಗ್ಗು ಎಂದುಕೊಂಡು, ಮುಡಿಯಲು ಬೇಕು ಎಂದು ಅಪ್ಪನ ಪಂಚೆ ಹಿಡಿದು ಎಳೆದಿದ್ದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಪ್ಪ ಊರು ಮುಟ್ಟುವವರೆಗೆ ನನ್ನ ಹತ್ತಿರ ಮಾತಾಡಲಿಲ್ಲ.

ನನ್ನ ಗಂಡ ಆಗ ಬೊಂಬಾಯಿಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಮದುವೆಯಾಗಿ ಹದಿನೈದು ದಿನಕ್ಕೆ ಹೊರಟುಹೋದವರು, ಎರಡನೆಯ ದೊಡ್ಡ ಲಡಾಯಿಯ ಕಾಲ ಬೇರೆ, ಎರಡು ತಿಂಗಳಿಗೊಂದು ಕಾಗದ ಬಂದರೆ ಪುಣ್ಯ. ಕಾಗದದಲ್ಲಿ ನನ್ನ ಹೆಸರು ಇರುತ್ತಿರಲಿಲ್ಲ, 'ಎಲ್ಲರೂ ಕ್ಷೇಮವೆಂದು ನಂಬುತ್ತೇನೆ' ಎಂಬಲ್ಲಿ ನಾನೂ ಸೇರಿದ್ದೇನೆ ಎಂದು ನಾನೇ ತಿಳಿದುಕೊಳ್ಳಬೇಕಿತ್ತು. ಎಷ್ಟೋ ವರ್ಷಗಳ ನಂತರ ನಾನೂ ಬೊಂಬಾಯಿಗೆ ಹೋದಾಗ ನೋಡುತ್ತೇನೆ, ಈ ಮಹಾನುಭಾವರು ಬೆಳ್ಳುಳ್ಳಿ ಚಟ್ನಿ ಇಲ್ಲದೆ ತುತ್ತು ಎತ್ತುವುದಿಲ್ಲ! ಮನೆಯಲ್ಲಿ ಅದರ ಒಂದು ಎಸಳಿಗಾಗಿ ನಮ್ಮ ಮಾನ ಹರಾಜಿಗೆ ಬಂದ ದಿನ ಇವರು ಅಲ್ಲಿ ಚಟ್ನಿಯ ಬಟ್ಟಲು ನೆಕ್ಕುತ್ತಿದ್ದಿರಬೇಕು. ಇರಲಿ, ಅದು ಬೇರೆ ಜಗಳ.

ಮನೆಯಲ್ಲಿ ಇದ್ದದ್ದು ನಾವು ಮೂವರೇ. ನಾನು, ಅತ್ತೆ, ಮಾವ. ಮಾವ ವಾಸುದೇವ ಹೊಳ್ಳರು ಊರ ದೇವಸ್ಥಾನದ ಪೂಜೆಯವರು. ಪೂಜೆ ಎರಡು ಮನೆಗಳಿಗೆ ಹಂಚಿಕೆಯಾಗಿತ್ತು. ಒಂದು ನಮ್ಮದು, ಇನ್ನೊಂದು ಮಾವನ ದಾಯಾದಿ ಸುಬ್ರಾಯ ಹೊಳ್ಳರದು. ತಿಂಗಳಿಗೊಬ್ಬರಂತೆ ಪಾಳಿ. ಇಬ್ಬರ ಮನೆಗಳ ನಡುವೆ ಒಂದು ಹಲಸಿನ ಮರವಿತ್ತು. ಅದರ ತರಗೆಲೆ ಯಾರ ಅಂಗಳಕ್ಕೆ ಬೀಳಬೇಕು ಎಂಬ ವಿಷಯದಲ್ಲಿ ಅಭಿಪ್ರಾಯಭೇದ ಬಂದು ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ಪಾಳಿ ಬದಲಾಗುವ ದಿನ ಗರ್ಭಗುಡಿಯ ಬೀಗದ ಕೈಯನ್ನು ಮೆಟ್ಟಿಲ ಮೇಲಿಟ್ಟು ಒಬ್ಬರು ಕೆಮ್ಮುವುದು, ಆ ಕೆಮ್ಮಿಗೆ ಇನ್ನೊಬ್ಬರು ಬಂದು ಎತ್ತಿಕೊಳ್ಳುವುದು, ಹೀಗೆ ದೇವರ ಕೆಲಸ ನಡೆಯುತ್ತಿತ್ತು.

ವರ್ಷದಲ್ಲಿ ಸೋಣೆ ತಿಂಗಳು, ಅಂದರೆ ಸಿಂಹಮಾಸ, ಎಲ್ಲಕ್ಕಿಂತ ದೊಡ್ಡದು. ಮೊದಲ ದಿನದ ಸಂಕ್ರಾಂತಿಯಿಂದ ಹಿಡಿದು ದಿನವೂ ಆರತಿ, ದಿನವೂ ಊರವರು ಬರುತ್ತಾರೆ. ಆ ತಿಂಗಳು ನಮ್ಮ ಮನೆಯದ್ದು, ಮಾವನ ಅಜ್ಜನ ಕಾಲದಿಂದ. ಮಾವನಿಗೆ ಅದು ಅನ್ನಕ್ಕಿಂತ ಹೆಚ್ಚು ಮರ್ಯಾದೆಯ ವಿಷಯ. ಆದರೆ ಒಂದು ಕಟ್ಟಳೆ ಇತ್ತು. ಮೈಯಲ್ಲಿ ಒಸರುವ ಹುಣ್ಣಿದ್ದವರು ಗರ್ಭಗುಡಿಯ ಒಳಗೆ ಕಾಲಿಡುವ ಹಾಗಿಲ್ಲ, ಪಾಳಿ ಇನ್ನೊಂದು ಮನೆಗೆ ಹೋಗುತ್ತದೆ. ಹಾಗೆ ಒಮ್ಮೆ ಕೈಬಿಟ್ಟ ತಿಂಗಳು ತಿರುಗಿ ಬಂದದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಆ ವರ್ಷ ಸೋಣೆಗೆ ಮೊದಲಿನ ಆಸಾಡಿಯಲ್ಲಿ ಗದ್ದೆಯ ಕೆಸರಿನಲ್ಲಿ ನಿಂತು ನಿಂತು ಮಾವನ ಬಲಗಾಲಿನ ಬೆರಳ ಸಂದಿಯಲ್ಲಿ ಹುಣ್ಣಾಯಿತು. ಮಳೆಗಾಲದಲ್ಲಿ ಗದ್ದೆಗಿಳಿಯುವ ಯಾರಿಗೂ ಅದು ಹೊಸದಲ್ಲ, ಅರಿಶಿನ ಮೆತ್ತಿದರೆ ನಾಲ್ಕು ದಿನದಲ್ಲಿ ಒಣಗುತ್ತದೆ. ಇದು ಒಣಗಲಿಲ್ಲ. ಪಾದ ಊದಿತು, ಕೆಂಪಾಯಿತು, ಕೀವು ತುಂಬಿತು. ಅತ್ತೆ ತಮ್ಮ ಮದ್ದಿನ ಭಂಡಾರವನ್ನೆಲ್ಲ ಬಿಚ್ಚಿದರು. ಅರಿಶಿನ ಹಾಕಿದರು, ಸುಣ್ಣ ಹಾಕಿದರು, ಬೇವಿನ ಸೊಪ್ಪು ಬೇಯಿಸಿ ಕಟ್ಟಿದರು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ಇಳಿಬಿಡಿಸಿದರು. ಕಾಲು ಮಾತ್ರ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕುಂದಾಪುರದ ಆಸ್ಪತ್ರೆಗೆ ಹೋಗಿ ಎಂದು ಅತ್ತೆ ಅತ್ತುಕೊಂಡು ಹೇಳಿದರು. ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಏರು ಬಂದಲ್ಲಿ ಜನ ಇಳಿದು ದೂಡಬೇಕು. ಕಾಲುನೋವಿನವರು ಕುಂದಾಪುರ ಮುಟ್ಟುವ ಹೊತ್ತಿಗೆ ಕೈನೋವು, ಸೊಂಟನೋವುಗಳನ್ನೂ ತೋರಿಸಬೇಕಾಗುತ್ತಿತ್ತು. ಆದರೆ ಮಾವ ಹೋಗದೆ ಇದ್ದದ್ದು ಅದಕ್ಕಲ್ಲ. ಡಾಕ್ಟರು ಕೊಯ್ದು ಬಟ್ಟೆ ಕಟ್ಟುತ್ತಾರೆ, ಬಟ್ಟೆ ಕಟ್ಟಿದ ಕಾಲನ್ನು ಊರೆಲ್ಲ ನೋಡುತ್ತದೆ, ಸುಬ್ರಾಯ ಹೊಳ್ಳರು ಎಲ್ಲರಿಗಿಂತ ಮೊದಲು ನೋಡುತ್ತಾರೆ. ಅದಕ್ಕೇ ಮಾವ ಹೊರಗೆ ಹೋಗುವಾಗ ಕುಂಟದೆ ನಡೆಯುತ್ತಿದ್ದರು. ಬೇಲಿಯ ತಡಮೆ ದಾಟಿ ಒಳಗೆ ಬಂದ ಮೇಲೆ ಮರದ ಕಂಬ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

ತಡಮೆಯ ಹತ್ತಿರ ಒಂದು ಕಲ್ಲಿತ್ತು. ಹಂಗಾರಕಟ್ಟೆಯಿಂದ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಮುತ್ತಕ್ಕ ಬುಟ್ಟಿ ಖಾಲಿಯಾದ ಮೇಲೆ ಹಿಂತಿರುಗುವಾಗ ಅಲ್ಲಿ ಕೂತು ಎಲೆಯಡಿಕೆ ಹಾಕುವುದು ರೂಢಿ. ಅವಳು ಒಳಗೆ ಬರುವ ಹಾಗಿಲ್ಲ, ನಾನು ಹೊರಗೆ ಹೋಗುವ ಹಾಗಿಲ್ಲ, ತಡಮೆಯ ಆಚೆ ಈಚೆ ನಿಂತು ಮಾತಾಡಲು ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ಗಂಡನ ಕಾಗದಕ್ಕಿಂತ ಅವಳ ಮಾತೇ ನನಗೆ ಹೆಚ್ಚು ಸಿಕ್ಕಿದ್ದು.

"ಹ್ವಾಯ್, ಹೊಳ್ರ ಮನಿ ಹೆಣ್ಣೆ, ಎಂತ ಮೋರಿ ಸಣ್ಣ ಮಾಡ್ಕಂಡ್ ನಿಂತಿದ್ದೆ?" ಎಂದಳು ಒಂದು ದಿನ.

"ಮಾವಯ್ಯನ ಕಾಲ್ ಕೀವಾಯ್ತ್ ಮುತ್ತಕ್ಕ. ಸೋಣಿ ಸಂಕ್ರಾಂತಿಗೆ ಎಂಟೇ ದಿನ ಇಪ್ಪುದ್."

"ಅದ್ಕೆಂತ ಇಷ್ಟ್ ಬೇಜಾರ್? ಹಸಿ ಬೆಳ್ಳುಳ್ಳಿ ಅರ್ದ್ ಹಚ್ಚಿ. ನಮ್ಮನಿ ಯಜಮಾನ್ರಿಗೆ ದೋಣಿ ಮೊಳಿ ಹೊಕ್ಕಿ ಕಾಲ್ ಕುಂಬ್ಳಕಾಯಿ ಆಯಿತ್ತ್. ನಾಕ್ ದಿನ ಹಚ್ಚಿದೆ ಕಾಣ್. ಐದ್ನೇ ದಿನ ಮೀನ್ ಬಲಿ ಎಳುಕ್ ಹೋದ್ರ್."

"ಅಯ್ಯೋ, ನಮ್ಮನಿಯಂಗೆ ಅದನ್ನ ತಿಂಬುಕಿಲ್ಲೆ ಅಲ್ದಾ?"

"ತಿಂಬುಕ್ ಯಾರ್ ಹೇಳಿದ್ದ್ ಮಾರಾಯ್ತಿ? ಹಚ್ಚುಕ್ ಹೇಳಿದ್ದ್. ನಿಮ್ಮ ಮಾವ ಉಂಬುದ್ ಕಾಲಂಗಾ?"

ಮರುದಿನ ಬರುವಾಗ ಅವಳು ಸೊಂಟದ ಚೀಲದಿಂದ ನಾಲ್ಕು ಗಡ್ಡೆ ಬೆಳ್ಳುಳ್ಳಿ ತೆಗೆದು ಕಲ್ಲಿನ ಮೇಲಿಟ್ಟು ಹೋದಳು. ನಾನು ಬಾಳೆಲೆಯಲ್ಲಿ ಎತ್ತಿಕೊಂಡು ದನದ ಹಟ್ಟಿಯ ಹುಲ್ಲಿನ ಅಟ್ಟದಲ್ಲಿ ಸಿಕ್ಕಿಸಿಟ್ಟೆ. ಆಮೇಲೆ ಅತ್ತೆಗೆ ವಿಷಯ ಹೇಳಿದೆ. ಇಟ್ಟದ್ದನ್ನು ಹೇಳಲಿಲ್ಲ, ಹೀಗೊಂದು ಮದ್ದಿದೆಯಂತೆ ಎಂದಷ್ಟೇ ಹೇಳಿದೆ. ಅತ್ತೆ 'ರಾಮ ರಾಮ' ಎಂದು ಕಿವಿ ಮುಚ್ಚಿಕೊಂಡು ಒಳಗೆ ಹೋದರು.

ಎರಡು ದಿನ ಕಳೆಯಿತು. ಮಾವನಿಗೆ ಜ್ವರ ಬಂತು. ಮೂರನೆಯ ದಿನ ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿ ನೀರು ಸೇದುತ್ತಿರುವಾಗ ಅತ್ತೆ ಬಂದು ನಿಂತರು. ಆಚೆ ಈಚೆ ನೋಡಿದರು.

"ಅದ್ ಎಲ್ ಇಟ್ಟಿದ್ದೆ?" ಎಂದರು.

ನನ್ನ ಅತ್ತೆಗೆ ಗೊತ್ತಾಗದ ವಿಷಯ ಆ ಮನೆಯಲ್ಲಿ ಇರಲಿಲ್ಲ. ಹಟ್ಟಿಯಲ್ಲಿ ಎಂದೆ. ಅವರು ಒಂದು ಕ್ಷಣ ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ದೊಡ್ಡ ಶಾಸ್ತ್ರಿಗಳ ಹಾಗೆ ಒಂದೊಂದೇ ವಿಧಿ ಹೇಳಿದರು. ಅದು ಮನೆಯ ಒಳಗೆ ಬರಬಾರದು. ಅಡುಗೆಯ ಅರೆಯುವ ಕಲ್ಲು ಮುಟ್ಟಬಾರದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾನು ಅರೆಯಬೇಕು. ಬಣ್ಣ ಗೊತ್ತಾಗದ ಹಾಗೆ ಅರಿಶಿನ ಬೆರೆಸಬೇಕು. ಹಟ್ಟಿಯ ಜಗಲಿಯಲ್ಲಿ ಅವರು ಹಚ್ಚುತ್ತಾರೆ, ಹಚ್ಚಿ ಒಂದು ಗಳಿಗೆ ಬಿಟ್ಟು ತೊಳೆದು ಮಾವ ಸ್ನಾನ ಮಾಡಿದರೆ ಎಲ್ಲ ಶುದ್ಧ. ತಿನ್ನುವುದಕ್ಕೆ ದೋಷವಿದೆ, ಹಚ್ಚುವುದಕ್ಕೆ ದೋಷ ಎಲ್ಲಿದೆ? ಕಾಲು ಕಾಲೇ, ಬಾಯಿ ಬಾಯೇ. ಇಂಥ ವಿಷಯದಲ್ಲಿ ನಮ್ಮ ಹೆಂಗಸರ ತರ್ಕವನ್ನು ಮುರಿಯುವ ಪಂಡಿತರು ಇನ್ನೂ ಹುಟ್ಟಬೇಕು ಎಂದು ನನಗೆ ಆಗ ಅನ್ನಿಸಿತ್ತು.

"ಅವ್ರ ಹತ್ರ ಎಂತ ಹೇಳುದ್?" ಎಂದು ಕೇಳಿದೆ.

"ನಿನ್ನ ಅಪ್ಪಯ್ಯ ಕಳ್ಸಿದ್ ಬೇರ್ ಅಂತೆ. ಶಂಕರನಾರಾಯಣದ್ ಬದಿ ಕಾಡಿನ ಬೇರ್." ಸ್ವಲ್ಪ ತಡೆದು ಸೇರಿಸಿದರು, "ಇದ್ ಪಾಪ ಆದ್ರೆ ನಂಗ್ ಅರ್ಧ, ನಿಂಗ್ ಅರ್ಧ."

ವಾಸನೆಗೆ ಏನು ಮಾಡುವುದು ಎಂದು ನೀವು ಕೇಳಬಹುದು. ಮಾವನಿಗೆ ನಶ್ಯದ ಚಟ. ನಲವತ್ತು ವರ್ಷ ಎರಡೂ ಹೊಳ್ಳೆಗೆ ನಶ್ಯ ಏರಿಸಿ ಏರಿಸಿ ಅವರ ಮೂಗು ಮುಖದ ಅಂದಕ್ಕೆ ಮಾತ್ರ ಉಳಿದಿತ್ತು. ಹಾಲು ಉಕ್ಕಿ ಸೀದರೂ ತಿಳಿಯುತ್ತಿರಲಿಲ್ಲ. ಅತ್ತೆ ಮೊದಲ ದಿನ ಮೂಗಿಗೆ ಸೆರಗು ಕಟ್ಟಿಕೊಂಡು ಮದ್ದು ಹಚ್ಚುತ್ತಿದ್ದರೆ ಮಾವ 'ನಿಂಗ್ ಶೀತ ಆಯ್ತಾ?' ಎಂದು ವಿಚಾರಿಸಿದರು.

ಆದರೆ ಹಸಿ ಬೆಳ್ಳುಳ್ಳಿ ಸುಮ್ಮನೆ ಕೂರುವ ಜಾತಿಯದ್ದಲ್ಲ. ಹಚ್ಚಿದ ಸ್ವಲ್ಪ ಹೊತ್ತಿಗೆ ಮಾವ ಹಟ್ಟಿಯ ಜಗಲಿಯಲ್ಲಿ ಕೂತಲ್ಲೇ ಹಾರಿದರು. "ಉರಿ! ಉರಿ! ಇದೆಂತ ಬೇರ್ ಮಾರಾಯ್ತಿ!" ಎಂದು ಕೂಗಿದರು. "ಉರಿದ್ರೆ ಮದ್ದ್ ಹಿಡಿತ್ ಅಂದೇ ಲೆಕ್ಕ" ಎಂದು ಅತ್ತೆ ಕಾಲನ್ನು ಬಿಗಿಯಾಗಿ ಹಿಡಿದುಕೊಂಡರು. ಹುಣ್ಣಿನ ಸುತ್ತ ಒಳ್ಳೆಯ ಚರ್ಮವೂ ಕೆಂಪಗೆ ಬೊಬ್ಬೆ ಎದ್ದಿತು. ಹುಣ್ಣಿಗಿಂತ ಆ ಬೊಬ್ಬೆ ಒಣಗಲು ಹೆಚ್ಚು ದಿನ ಹಿಡಿಯಿತು ಎಂಬುದನ್ನು ಆರೋಗ್ಯದ ಪುಟದವರ ಗಮನಕ್ಕೆ ತರುತ್ತೇನೆ. ಮೂರನೆಯ ದಿನ ಕೀವು ಒಡೆದು ಹರಿಯಿತು, ಜ್ವರ ಇಳಿಯಿತು, ಪಾದ ಪಾದದ ಗಾತ್ರಕ್ಕೆ ಬಂತು. ಅದು ಬೆಳ್ಳುಳ್ಳಿಯ ಮಹಿಮೆಯೋ, ಅತ್ತೆ ಬಿಡದೆ ಹಾಕುತ್ತಿದ್ದ ಉಪ್ಪು ನೀರಿನದೋ, ಕೀವೇ ಬೇಸತ್ತು ಹೊರಬಿತ್ತೋ, ನಾನು ಇವತ್ತಿಗೂ ಹೇಳಲಾರೆ. ನನ್ನ ಮಾತು ಕೇಳಿ ಯಾರೂ ಹಚ್ಚಿಕೊಳ್ಳಬೇಡಿ.

ಸಂಕ್ರಾಂತಿಯ ಹಿಂದಿನ ದಿನಕ್ಕೆ ಒಸರುವುದೂ ನಿಂತಿತು. ಮಾವನ ಸಂತೋಷ ಹೇಳತೀರದು. ಕಾಲಿನ ವಿಷಯ ಇಷ್ಟು ದಿನ ಮುಚ್ಚಿಟ್ಟವರು ಈಗ ಕಂಡ ಕಂಡವರಿಗೆ ತೋರಿಸಿದರು. "ನಮ್ಮ ಬೀಗ್ರ್ ಕಳ್ಸಿದ್ ಬೇರ್! ಕುಂದಾಪ್ರದ ಡಾಕ್ಟ್ರಿಗ್ ಗೊತ್ತಿಲ್ಲೆ ಇದ್" ಎಂದು ಕಟ್ಟೆಯ ಮೇಲೆ ಕೂತು ನನ್ನ ಅಪ್ಪನನ್ನು ಹೊಗಳುತ್ತಿದ್ದರೆ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸುತ್ತಿತ್ತು. ನನ್ನ ಅಪ್ಪನಿಗೆ ತುಳಸಿಗೂ ಕಾಮಕಸ್ತೂರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಮದ್ದನ್ನು ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅತ್ತೆಗೆ ಹೆದರಿಕೆ. ಗರ್ಭಗುಡಿಯ ಒಳಗೆ ನಿಂತಿರುವಾಗ ಮತ್ತೆ ಒಸರಿದರೆ? ಸಂಕ್ರಾಂತಿಯ ಬೆಳಗಿನ ಜಾವ ನನ್ನನ್ನು ಎಬ್ಬಿಸಿ, ಅದುವರೆಗೆ ಎರಡೇ ಎಸಳು ಅರೆಸುತ್ತಿದ್ದವರು ಒಂದು ಇಡೀ ಗಡ್ಡೆ ಅರೆಸಿದರು. ನೋವಿಲ್ಲದ ಎಡಗಾಲಿನ ಅಡಿಗೂ ಸೇರಿಸಿ ಎರಡೂ ಪಾದಕ್ಕೆ ಮೆತ್ತಿದರು. ಆ ಕಾಲಿನದ್ದು ಈ ಕಾಲಿಗೆ ದಾಟಬಾರದಲ್ಲ ಎಂದು. ಆಮೇಲೆ ಅಂಟುವಾಳ ಹಾಕಿ ತಿಕ್ಕಿ ತೊಳೆದರು. ಮಾವ ಬಾವಿಕಟ್ಟೆಯಲ್ಲಿ ಕೊಡದ ಮೇಲೆ ಕೊಡ ಸುರಿದುಕೊಂಡು, ಮಡಿಯುಟ್ಟು, ಒಂದು ಹನಿ ನೀರೂ ಕುಡಿಯದೆ ದೇವಸ್ಥಾನಕ್ಕೆ ಹೊರಟರು. ಈ ಬಾರಿ ನಿಜವಾಗಿಯೂ ಕುಂಟಲಿಲ್ಲ.

ಬೆಳಗಿನ ಪೂಜೆ ಸಾಂಗವಾಗಿ ಆಯಿತು. ನಾನೂ ಅತ್ತೆಯೂ ಹೆಂಗಸರ ಜೊತೆ ಜಗಲಿಯ ಬದಿಯಲ್ಲಿ ನಿಂತಿದ್ದೆವು. ಮಾವ ತೀರ್ಥ ಕೊಡಲು ಹೊರಬಂದರು. ಮೊದಲು ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರ ಶೆಟ್ಟರಿಗೆ. ಶೆಟ್ಟರು ದೊಡ್ಡ ಮೀಸೆಯ, ದೊಡ್ಡ ಗದ್ದೆಯ ಮನುಷ್ಯ, ಊರಿನ ನ್ಯಾಯವೆಲ್ಲ ಅವರಲ್ಲೇ ತೀರ್ಮಾನ. ಎರಡನೆಯವರು ಸುಬ್ರಾಯ ಹೊಳ್ಳರು. ಮಾತಿಲ್ಲದಿದ್ದರೂ ತೀರ್ಥಕ್ಕೆ ಕೈ ಒಡ್ಡಲೇಬೇಕು. ಮಾವ ಬಾಗಿ, ಬೇಕೆಂದೇ ಸ್ವಲ್ಪ ಉದ್ದಕ್ಕೆ, ಅವರ ಮುಖದ ಹತ್ತಿರವೇ ಮಂತ್ರ ಹೇಳಿ ತೀರ್ಥ ಹಾಕಿದರು. ಸುಬ್ರಾಯ ಹೊಳ್ಳರು ತೀರ್ಥ ಬಾಯಿಗೆ ಹಾಕಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದರು.

"ವಾಸುದೇವಣ್ಣ, ಎಂತ ತಿಂದ್ಕಂಡ್ ಬಂದಿದ್ದೆ?" ಎಂದರು. ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

"ಎಂತ ತಿಂಬುದ್? ಪೂಜಿ ಮುಗಿಯದೆ ನಾನ್ ನೀರ್ ಸಹ ಕುಡ್ಯುದಿಲ್ಲೆ."

"ಶೆಟ್ರೆ, ನೀವೇ ಮೂಸಿ ಕಾಣಿ. ಇವ್ರ ಬಾಯಿ ಬೆಳ್ಳುಳ್ಳಿ ನಾತ!"

ಶೆಟ್ಟರು ಬಂದು ಮಾವನ ಬಾಯಿಯ ಹತ್ತಿರ ಮೂಗಿಟ್ಟು, ಮೀಸೆ ತಿರುವಿ, ಮತ್ತೊಮ್ಮೆ ಮೂಗಿಟ್ಟರು.

"ನಂಗೆಂತದೂ ತಿಳಿತಿಲ್ಲೆ ಮಾರಾಯ್ರೆ. ನಮ್ಮನಿಯಂಗೆ ದಿನಾ ಅದೇ ಒಗ್ರಣಿ. ಗಾಳಿಯೇ ಹಂಗ್ ಇಪ್ಪುದ್ ಅಂದೇಳಿ ನಾನ್ ಗ್ರಹಿಸಿದ್ದೆ" ಎಂದರು.

ಆದರೆ ಹಿಂದೆ ನಿಂತಿದ್ದ ನಾಲ್ಕೈದು ಜನ ಬ್ರಾಹ್ಮಣರು ಮೂಸಿ ನೋಡಿ ತಲೆ ತಗ್ಗಿಸಿದರು. ತಗ್ಗಿಸಿದ ಆ ತಲೆಗಳನ್ನು ನೋಡಿ ಮಾವನ ಮುಖ ಬಿಳಿಚಿತು. ನನಗೆ ದಿಕ್ಕೇ ತೋಚಲಿಲ್ಲ. ಹಚ್ಚಿದ್ದು ಕಾಲಿಗೆ, ತೊಳೆದದ್ದು ಅಂಟುವಾಳದಲ್ಲಿ, ಬಾಯಿಗೆ ಬಂದದ್ದು ಹೇಗೆ? ಅತ್ತೆ ನಿನ್ನೆಯ ಗಂಜಿಯಲ್ಲಿ ಒಂದು ಎಸಳು ಸೇರಿಸಿದರೋ ಎಂಬ ಸಂಶಯ ಬಂದು ಅವರ ಕಡೆ ನೋಡಿದೆ. ಅವರು ಆಗಲೇ ನನ್ನ ಕಡೆ ನೋಡುತ್ತಿದ್ದರು, ಅದೇ ಸಂಶಯದಿಂದ.

ಮಾವ ತೀರ್ಥದ ಪಾತ್ರೆ ಕೆಳಗಿಟ್ಟು ಕಾಲುದೀಪದ ಹತ್ತಿರ ಹೋದರು.

"ಈ ದೀಪ ಮುಟ್ಟಿ ಹೇಳ್ತೆ. ಬೆಳ್ಳುಳ್ಳಿ ನನ್ನ ಬಾಯಿಗ್ ಹೋದ್ದಿಲ್ಲೆ. ನನ್ನ ಮೈಗ್ ಮುಟ್ಟಿದ್ದಿಲ್ಲೆ. ನನ್ನ ತಡಮಿ ದಾಟಿ ಒಳ್ಗ್ ಬಂದದ್ದಿಲ್ಲೆ. ಇದ್ರಂಗ್ ಒಂದ್ ಸುಳ್ಳಾದ್ರೂ ನನ್ನ ಒಬ್ನೇ ಮಗನ ತಲಿ ಮೇಲ್..."

ದೇವರ ದೀಪ ಮುಟ್ಟಿ ಹಾಕಿದ ಆಣೆ ಸುಳ್ಳಾದರೆ ಏನಾಗುತ್ತದೆ ಎಂಬ ಕಥೆಗಳನ್ನು ಕೇಳಿಯೇ ನಾನು ಬೆಳೆದವಳು. ಆ ಆಣೆಯಲ್ಲಿ ಮೂರು ಮಾತಿತ್ತು, ಅದರಲ್ಲಿ ಎರಡು ಸುಳ್ಳು. ಆ ಸುಳ್ಳು ಅವರದ್ದಲ್ಲ, ನನ್ನದು. ಮತ್ತೆ ಆ ಒಬ್ಬನೇ ಮಗ ಯಾರು? ಬೊಂಬಾಯಿಯಲ್ಲಿ ದೋಸೆ ಹುಯ್ಯುತ್ತಿರುವ ನನ್ನ ಗಂಡ. ಮಾವನ ಕೈ ದೀಪಕ್ಕೆ ಒಂದು ಗೇಣು ದೂರವಿತ್ತು.

"ಬ್ಯಾಡಿ! ಆಣಿ ಹಾಕ್ಬ್ಯಾಡಿ!"

ಕೂಗಿದ್ದು ನಾನೇ ಎಂದು ನನಗೆ ಗೊತ್ತಾದದ್ದು ಎಲ್ಲರೂ ನನ್ನತ್ತ ತಿರುಗಿದ ಮೇಲೆ. ಎರಡು ವರ್ಷದಲ್ಲಿ ಮಾವನ ಎದುರು ನಿಂತು ಒಂದು ಅಕ್ಷರ ಆಡಿದವಳಲ್ಲ. ಈಗ ಗಂಡಸರ ನಡುವೆ ಹೋಗಿ ನಿಂತಿದ್ದೆ.

"ಅದ್ ಬೇರಲ್ಲ, ಬೆಳ್ಳುಳ್ಳಿ. ಕಾಲಿಗ್ ಹಚ್ಚಿದ್ದ್. ಅವ್ರಿಗ್ ಗೊತ್ತಿಲ್ಲೆ. ತಂದವ್ಳೂ ನಾನೇ, ಅರ್ದವ್ಳೂ ನಾನೇ. ಎಂತ ಮಾಡುದಿದ್ರೂ ನಂಗ್ ಮಾಡಿ."

"ಹಚ್ಚಿದವ್ಳ್ ನಾನ್" ಎಂದು ಹಿಂದುಗಡೆಯಿಂದ ದನಿ ಬಂತು. ಅತ್ತೆ ನನ್ನ ಪಕ್ಕದಲ್ಲಿ ಬಂದು ನಿಂತಿದ್ದರು. ತಮ್ಮ ಅರ್ಧವನ್ನು ಅವರು ಬಿಟ್ಟುಕೊಡಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಮಾವ ದೀಪದಿಂದ ಕೈ ಹಿಂದೆಗೆದು ತಮ್ಮ ಕಾಲನ್ನೇ ನೋಡುತ್ತ ನಿಂತರು. ಸುಬ್ರಾಯ ಹೊಳ್ಳರು ಮಾತ್ರ ದೊಡ್ಡದಾಗಿ ನಕ್ಕರು.

"ಕಾಲಿಗ್ ಹಚ್ಚಿದ್ದ್ ಬಾಯಂಗ್ ಬತ್ತಾ? ಹಂಗಾರೆ ತಲಿಗ್ ಎಣ್ಣಿ ಹಾಕಿರೆ ನಾಲ್ಗಿ ಮೇಲ್ ಇಳಿಕ್! ಶೆಟ್ರೆ, ಮಾವಂಗ್ ತಿನ್ಸಿ, ಈಗ ಕಥಿ ಕಟ್ತಿದ್ದೋ ಇವ್."

ಶೆಟ್ಟರಿಗೆ ಶಾಸ್ತ್ರ ಗೊತ್ತಿರಲಿಲ್ಲ. ಆದರೆ ನಿಂಬೆಹಣ್ಣು ಹುಳಿಯೋ ಅಲ್ಲವೋ ಎಂಬುದಕ್ಕೆ ಚರ್ಚೆ ಮಾಡದೆ ಕತ್ತರಿಸಿ ನೆಕ್ಕಿ ನೋಡುವ ಜಾತಿಯವರು.

"ಹಚ್ಚಿ ಕಾಂಬ" ಎಂದರು. "ಯಾರಿಗಾರೂ ಕಾಲಿಗ್ ಹಚ್ಚಿ ಕಾಂಬ. ಬಾಯಿಗ್ ಬಂದ್ರೆ ಹೆಣ್ಣ್ ಹೇಳಿದ್ದ್ ಸತ್ಯ. ಬರ್ದಿದ್ರೆ ಈ ಪಾಳಿ ಸುಬ್ರಾಯ ಹೊಳ್ರಿಗೆ."

ಯಾರಿಗೆ ಹಚ್ಚುವುದು? ಶೆಟ್ಟರ ಕಡೆಯವರಿಗೆ ಹಚ್ಚಿದರೆ ಪ್ರಯೋಜನವಿಲ್ಲ, ಅವರ ಬಾಯಲ್ಲಿ ಅದು ಮೊದಲೇ ಇದೆ. ನನಗೆ ಹಚ್ಚಿದರೆ ತಿಂದಿದ್ದಾಳೆ ಎನ್ನುತ್ತಾರೆ. ಉಳಿದವರೆಲ್ಲ ಒಬ್ಬೊಬ್ಬರಾಗಿ ಕಂಬದ ಹಿಂದೆ ಸರಿದರು. ಕೊನೆಗೆ ಸುಬ್ರಾಯ ಹೊಳ್ಳರೇ "ನಂಗೇ ಹಚ್ಚಿ. ಸುಳ್ಳ್ ಅಂದೇಳಿ ನಾನೇ ತೋರ್ಸ್ತೆ" ಎಂದು ಮುಂದೆ ಬಂದರು. ಸೋಣೆಯ ಪಾಳಿ ಕೈಗೆ ಬಂದೇಬಿಟ್ಟಿತು ಎಂಬ ಧೈರ್ಯ ಅವರಿಗೆ.

ಶೆಟ್ಟರ ಮನೆಯಿಂದ ಒಂದು ಬಟ್ಟಲು ಬೆಳ್ಳುಳ್ಳಿ ಬಂತು. ದೇವಸ್ಥಾನದ ಪೌಳಿಯ ಹೊರಗೆ, ಶೆಟ್ಟರ ಗದ್ದೆಯಂಚಿನ ಕಲ್ಲುಕಟ್ಟೆಯ ಮೇಲೆ ಸುಬ್ರಾಯ ಹೊಳ್ಳರನ್ನು ಕೂರಿಸಿದರು. ಅಳತೆ ಗೊತ್ತಿದ್ದದ್ದು ನನಗೊಬ್ಬಳಿಗೇ ಆದ್ದರಿಂದ ಊರವರ ಎದುರು ನಾನೇ ಅರೆದೆ. ಕಾಲಿನಿಂದ ಬಾಯಿಗೆ ದಾರಿಯಿದೆ ಎಂದು ನಾನೇ ನಂಬಿರಲಿಲ್ಲ, ಬೇರೆ ದಾರಿ ಕಾಣದೆ ಹೇಳಿದ ಮಾತು ಅದು. ಮಾವನ ಮರ್ಯಾದೆ, ಸೋಣೆಯ ಪಾಳಿ, ನನ್ನ ಬಾಳು ಎಲ್ಲ ಸುಬ್ರಾಯ ಹೊಳ್ಳರ ಅಂಗಾಲಿನ ಕೈಯಲ್ಲಿತ್ತು. ತಿಂದಿದ್ದಾರೆ ಎಂದು ಯಾರೂ ಹೇಳಬಾರದು ಎಂದು ಅವರು ತಮ್ಮ ಬಾಯಿಗೆ ತಾವೇ ಶಲ್ಯ ಕಟ್ಟಿಸಿಕೊಂಡರು. ಅವರ ಮಗನೇ ಎರಡೂ ಅಂಗಾಲಿಗೆ ಮೆತ್ತಿದ.

ಆರತಿಗೆ ಬಂದವರೆಲ್ಲ ಸುತ್ತ ಸೇರಿದರು. ದೇವರ ಹತ್ತಿರ ಯಾರೂ ಉಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಉರಿ ಶುರುವಾಯಿತು. ಸುಬ್ರಾಯ ಹೊಳ್ಳರ ಹುಬ್ಬು ಮೇಲೇರಿತು, ಕಣ್ಣಲ್ಲಿ ನೀರು ಬಂತು, ಕಾಲ ಬೆರಳು ಹತ್ತೂ ಬೇರೆ ಬೇರೆಯಾಗಿ ಕುಣಿದವು. ಬಾಯಿ ಕಟ್ಟಿದ್ದರಿಂದ 'ಹೂಂ, ಹೂಂ' ಎಂಬುದು ಬಿಟ್ಟರೆ ಬೇರೇನೂ ಹೊರಡಲಿಲ್ಲ. ಅದರ ಕಷ್ಟ ಗೊತ್ತಿದ್ದ ಮಾವ ಎದುರಿಗೆ ಕೂತವರು ತಡೆಯಲಾರದೆ "ಸ್ವಲ್ಪ ಹೊತ್ತ್, ಮತ್ತೆ ತಣ್ಗ್ ಆತ್ತ್" ಎಂದು ಸಮಾಧಾನ ಹೇಳಿದರು. ಹಲಸಿನ ಮರದ ಜಗಳ ಮುಗಿದದ್ದು ಆ ಗಳಿಗೆಯಲ್ಲಿ ಎಂದು ನನ್ನ ಲೆಕ್ಕ.

ಒಂದು ತಾಸಾಯಿತು. ಶೆಟ್ಟರು ಶಲ್ಯ ಬಿಚ್ಚಿಸಿದರು. "ಹಾ ಅನ್ನಿ ಹೊಳ್ರೆ" ಎಂದರು. ಯಾರೂ ಮುಂದೆ ಬರುವ ಮೊದಲೇ ಸುಬ್ರಾಯ ಹೊಳ್ಳರು ನಾಲಿಗೆ ಹೊರಳಿಸಿದರು, ತುಟಿ ಚಪ್ಪರಿಸಿದರು, ಇನ್ನೊಮ್ಮೆ ಚಪ್ಪರಿಸಿದರು. ಅವರ ಮುಖ ಕಾಣಬೇಕಿತ್ತು.

"ಶೆಟ್ರೆ," ಎಂದರು ಸಣ್ಣ ದನಿಯಲ್ಲಿ, "ಬಂತ್ ಮಾರಾಯ್ರೆ. ಬಾಯಿಗೇ ಬಂತ್."

ಆಮೇಲೆ ಸಾಲಾಗಿ ಬಂದು ಮೂಸಿದವರೆಲ್ಲ ಹೌದೆಂದರು. ಆದರೆ ಮೊದಲು ಒಪ್ಪಿದ್ದು ಅವರೇ. ಸುಳ್ಳು ಹೇಳಿದ್ದರೆ ಸೋಣೆ ಅವರದ್ದಾಗುವ ಸಂಭವವಿತ್ತು, ಹೇಳಲಿಲ್ಲ. ಸುಬ್ರಾಯ ಹೊಳ್ಳರನ್ನು ಜೀವಮಾನದಲ್ಲಿ ನಾನು ಮನಸಾರೆ ಮೆಚ್ಚಿದ್ದು ಆ ದಿನ. ಚರ್ಮಕ್ಕೆ ಹಚ್ಚಿದ ಬೆಳ್ಳುಳ್ಳಿ ನೆತ್ತರಿಗಿಳಿದು ಉಸಿರಿನಲ್ಲಿ ಹೊರಬರುತ್ತದೆ, ಆರೋಗ್ಯದ ಪುಟದವರು ಬಿಟ್ಟ ಸಂಗತಿ ಇದೇ.

ಶೆಟ್ಟರು ತೀರ್ಮಾನ ಕೊಟ್ಟರು. ವಾಸುದೇವ ಹೊಳ್ಳರು ತಿಂದವರಲ್ಲ, ಸೋಣೆಯ ಪಾಳಿ ಅವರದ್ದೇ. ಆದರೆ ಒಳಗೆ ಹೋದದ್ದು ಹೌದಾದ್ದರಿಂದ ಮೂರು ದಿನ ಗುಡಿ ಹತ್ತಬಾರದು, ಪಂಚಗವ್ಯ ತೆಗೆದುಕೊಂಡು ನಾಲ್ಕನೆಯ ದಿನ ಬರಬಹುದು. ಸುಬ್ರಾಯ ಹೊಳ್ಳರಿಗೂ ಅದೇ. ಆಗ ಯಾರಿಗೋ ನೆನಪಾಯಿತು, ಮಧ್ಯಾಹ್ನದ ಮಹಾಪೂಜೆ ಇನ್ನೂ ಆಗಿಲ್ಲ! ಇದ್ದ ಇಬ್ಬರು ಪೂಜೆಯವರೂ ಬೆಳ್ಳುಳ್ಳಿ ನಾರುತ್ತಿದ್ದಾರೆ. ಪಕ್ಕದೂರಿನಿಂದ ಒಬ್ಬರು ಐತಾಳರನ್ನು ಹುಡುಕಿ ತರುವ ಹೊತ್ತಿಗೆ ಸೂರ್ಯ ಪಡುವಣಕ್ಕೆ ವಾಲಿದ್ದ. ಆ ಸಂಕ್ರಾಂತಿಯಂದು ನಮ್ಮೂರ ದೇವರು ಉಂಡದ್ದು ಕಾಫಿಯ ಹೊತ್ತಿಗೆ.

ಮನೆಗೆ ಬರುವಾಗ ಮಾವ ಮುಂದೆ, ನಾವಿಬ್ಬರು ಬಹಳ ಹಿಂದೆ. ಗೆದ್ದದ್ದು ಹೌದು, ಆದರೆ ಬೀಗರ ಬೇರು ಎಂದು ಊರೆಲ್ಲ ಡಂಗುರ ಹೊಡೆದ ಮನುಷ್ಯನನ್ನು ನಾನು ಊರ ಎದುರೇ ನಗೆಪಾಟಲು ಮಾಡಿದ್ದೆ. ಅದಕ್ಕಿಂತ ಹೆಚ್ಚಾಗಿ, ನಂಬಿ ಕಾಲು ಚಾಚಿದವರಿಗೆ ಮೋಸ ಮಾಡಿದ್ದೆ. ಇನ್ನು ನನ್ನನ್ನು ಈ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಖಾತ್ರಿಯಾಯಿತು. ಹೋಗು ಎನ್ನಿಸಿಕೊಳ್ಳುವ ಮೊದಲು ನಾನೇ ಹೊರಡುವುದು ಲೇಸು ಎಂದು ಒಳಕೋಣೆಯಲ್ಲಿ ಕೂತು, ಅಳುತ್ತ, ಇದ್ದ ಮೂರು ಸೀರೆ ಮಡಚತೊಡಗಿದೆ. ಅತ್ತೆ ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದರು.

ಬಾಗಿಲಲ್ಲಿ ನೆರಳು ಬಿತ್ತು. ಮಾವ ನಿಂತಿದ್ದರು. ನಾನು ಎದ್ದು ಗೋಡೆಗೆ ಸರಿದೆ.

"ಎಲ್ಲಿಗ್ ಹೊರಟದ್ದ್?"

"ಶಂಕರನಾರಾಯಣಕ್ಕೆ" ಎಂದೆ.

ಅವರು ಒಂದು ಚಿಟಿಕೆ ನಶ್ಯ ಏರಿಸಿದರು, ಪಂಚೆಯ ಚುಂಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಹೊಸಿಲ ಈಚೆ ಮಣೆಯ ಮೇಲೆ ಕೂತು ಬಲಗಾಲನ್ನು ಮುಂದಕ್ಕೆ ಚಾಚಿ, ಕಿರುಬೆರಳನ್ನು ಬಿಡಿಸಿ ನೋಡಿದರು.

"ಇಲ್ಲೊಂಚೂರ್ ಇನ್ನೂ ಒಣ್ಗಿದ್ದಿಲ್ಲೆ" ಎಂದರು, ಕಾಲಿನತ್ತಲೇ ನೋಡುತ್ತ. "ಮೂರ್ ದಿನ ಹ್ಯಾಂಗೂ ಗುಡಿಗ್ ಹೋಪುಕಿಲ್ಲೆ. ನೀನ್ ಹೋರೆ ಮದ್ದ್ ಅರುಕ್ ಯಾರ್ ಇದ್ರ್?" ಮತ್ತೆ ದನಿ ತಗ್ಗಿಸಿ ಕೇಳಿದರು, "ಅದ್ ಉಳ್ದದ್ದ್ ಇತ್ತಾ?"

ಇತ್ತು. ಸೀರೆಗಳನ್ನು ಅಲ್ಲೇ ಬಿಟ್ಟು ನಾನು ಹಟ್ಟಿಯ ಕಡೆ ಓಡಿದೆ.